ಎಚ್ಚರಿಕೆಯ ನಡುವಿನ ಕೆಮ್ಮು

ಫೋನು ಕೆಳಗಿಟ್ಟ ಮೇಲೂ ಮೇಲಿನ ಕಚೇರಿಯ ಮೇಡಂ ದನಿ ಅವನ ಕಿವಿ ಬಿಟ್ಟು ಹೋಗಲಿಲ್ಲ. ಅದು ಕೋಪದ ದನಿಯಲ್ಲ, ಹೆದರಿದ ದನಿಯೂ ಅಲ್ಲ. ಬಾಗಿಲು ಹಾಕಿಕೋ ಎಂದು ಮನೆಯವರಿಗೆ ಹೇಳುವಂಥ ದನಿ. "ಚಂಡಮಾರುತದ ದಿಕ್ಕು ಬದಲಾಗಿದೆ. ಸೀದಾ ನಿಮ್ಮ ಕಡೆಗೇ ಬರ್ತಾ ಇದೆ. ಸಂಜೆಯೊಳಗೆ ಬಡಿಯುತ್ತೆ, ಇನ್ನೂ ಬೇಗ ಬಂದ್ರೂ ಬರಬಹುದು. ಈ ಸಲ ರೆಕಾರ್ಡು ಹಾಕ್ಬೇಡಿ, ಮೈಕಿನಲ್ಲಿ ನೀವೇ ಮಾತಾಡಿ. ರೆಕಾರ್ಡು ಹಾಕಿದ್ರೆ ನಿಮ್ಮ ಜನ ಕೇಳಲ್ಲ, ಗೊತ್ತಲ್ಲ?" ಗೊತ್ತಿತ್ತು. ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. "ಆಯ್ತು ಮೇಡಂ" ಎಂದು ಹೇಳಿ, ಅಂಗಿಯ ಕಾಲರು ಸರಿಮಾಡಿಕೊಂಡು, ತಾನು ಯಾರಿಗಾಗಿ ಕಾಲರು ಸರಿಮಾಡಿಕೊಂಡೆ ಎಂದು ತನ್ನ ಮೇಲೇ ಸಿಡುಕಿದ. ಬಂದರು ಕಚೇರಿಯ ಮೇಲ್ಮಹಡಿಯ ಈ ಗಾಜಿನ ಕೋಣೆಯಲ್ಲಿ ಅವನನ್ನು ನೋಡುವವರು ಯಾರೂ ಇರಲಿಲ್ಲ. ಮೇಜಿನ ಮೇಲೆ ಒಂದು ತಗಡಿನ ಡಬ್ಬಿ, ಅದಕ್ಕೊಂದು ಹಸಿರು ಗುಂಡಿ. ಪಕ್ಕದಲ್ಲಿ ಹಳೆಯ ಕರವಸ್ತ್ರ ಸುತ್ತಿದ ಮೈಕು. ಹಸಿರು ಗುಂಡಿ ಒತ್ತಿದರೆ ಅವನ ಹಳೆಯ ದನಿ, ಮೈಕು ಹಿಡಿದರೆ ಇವತ್ತಿನ ದನಿ. ಯಾವುದೇ ಆದರೂ ದಂಡೆಯುದ್ದದ ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲೂ ದೋಣಿಗಳ ವೈರ್‌ಲೆಸ್ಸುಗಳಲ್ಲೂ ಒಟ್ಟಿಗೇ ಕೇಳುತ್ತಿತ್ತು. ಕಿಟಕಿಯಾಚೆ ಕಡಲು ನಯವಾಗಿ, ಏನೂ ಅರಿಯದ ಹಾಗೆ ಬಿದ್ದುಕೊಂಡಿತ್ತು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ.

ವರ್ಷಗಳ ಹಿಂದೆ ಆ ಡಬ್ಬಿ ಕೂರಿಸಲು ಬಂದಿದ್ದ ಎಂಜಿನಿಯರಿಗೆ ಬಸ್ಸು ಹಿಡಿಯುವ ಅವಸರ. "ಓದಿ, ಬೇಗ ಓದಿ" ಎಂದು ರೆಕಾರ್ಡಿನ ಚೀಟಿ ಕೈಗಿಟ್ಟಿದ್ದ. ಮೀನುಗಾರರ ಗಮನಕ್ಕೆ. ಸಮುದ್ರದಲ್ಲಿ ಚಂಡಮಾರುತದ ಸೂಚನೆ ಇದೆ. ಯಾರೂ... ಅಲ್ಲೇ ಗಂಟಲಲ್ಲಿ ಏನೋ ಸಿಕ್ಕಿಕೊಂಡು ಕೆಮ್ಮು ಬಂದುಬಿಟ್ಟಿತು. ಒಂದು ದೊಡ್ಡ ಕೆಮ್ಮು, ಅದರ ಬಾಲಕ್ಕೆ ಎರಡು ಸಣ್ಣವು. ನಾಚಿಕೆಯಿಂದ ಮುಗಿಸಿದ: ಕಡಲಿಗೆ ಇಳಿಯಬಾರದು, ಇಳಿದವರು ಕೂಡಲೇ ದಡಕ್ಕೆ ಮರಳಬೇಕು. "ಇನ್ನೊಂದ್ಸಲ ಓದ್ತೀನಿ ಸಾರ್" ಎಂದರೆ ಎಂಜಿನಿಯರು ಚೀಲ ಹೆಗಲಿಗೇರಿಸಿ, "ರೀ, ಬಿರುಗಾಳಿ ಬರೋವಾಗ ನಿಮ್ಮ ಗಂಟಲು ಯಾರು ನೋಡ್ತಾರೆ ಬಿಡ್ರಿ" ಎಂದು ಹೊರಟೇ ಹೋದ. ಎಲ್ಲರೂ ನೋಡಿದರು. ಊರಿಗೆ ಊರೇ ಅವನ ಗಂಟಲು ನೋಡಿತು. ಆಮೇಲೆ ಬಂದ ಚಂಡಮಾರುತಗಳೆಲ್ಲ ಯಾರದೋ ಮನೆಯ ದಾರಿ ಕೇಳಿಕೊಂಡು ಬಂದವರ ಹಾಗೆ ದೂರದಿಂದಲೇ ತಿರುಗಿ ಹೋದವು. ಉಳಿದದ್ದು ಕೆಮ್ಮು ಒಂದೇ. ಮಕ್ಕಳು ಆಟದಲ್ಲಿ ಕೆಮ್ಮಿದರು. ಚಹಾದಂಗಡಿಯವನು "ಕೆಮ್ಮಿಗೊಂದು ಚಹಾ" ಎಂದು ಒಳಗೆ ಕೂಗಿ ಹೇಳಿದ, ಅದರಲ್ಲಿ ತಮಾಷೆಯಿದೆ ಎಂಬುದನ್ನೂ ಮರೆತು. ಒಂದೇ ಒಂದು ಸಲ, ಬಂದರಿನೊಳಗೆ ಎಣ್ಣೆ ಹಡಗಿಗೆ ಬೆಂಕಿ ಹತ್ತಿದಾಗ, ಅವನು ಗಾಬರಿಬಿದ್ದು ಮೈಕು ಕಿತ್ತುಕೊಂಡು ಬಾಯಿಗೆ ಬಂದದ್ದು ಕೂಗಿದ್ದ. ಕೆಮ್ಮು ಬಂದಿರಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ದಂಡೆ ಖಾಲಿಯಾಗಿತ್ತು. ಅವತ್ತಿನಿಂದ ಮೀನುಗಾರರಲ್ಲಿ ಒಂದು ಗಾದೆಯೇ ಹುಟ್ಟಿಕೊಂಡಿತು: ಕೆಮ್ಮಿದರೆ ಕಡಲು, ಕೆಮ್ಮದಿದ್ದರೆ ಮನೆ. ಧ್ವನಿವರ್ಧಕದಲ್ಲಿ ಕೆಮ್ಮು ಕೇಳಿದರೆ ರೆಕಾರ್ಡು ಎಂದರ್ಥ, ಬಲೆ ಎತ್ತಿಕೊಂಡು ಹೊರಡು. ಕೆಮ್ಮಿಲ್ಲದಿದ್ದರೆ ಅವನೇ ಮಾತಾಡುತ್ತಿದ್ದಾನೆ, ಓಡು. ಗಾದೆ ಕಟ್ಟಿದವನು ಅವನ ಹೆಂಡತಿಯ ತಮ್ಮ.

ಭಾಮೈದ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದಾನೆ. ದೋಣಿಯನ್ನೂ ಮನೆಯನ್ನೂ ನಗುನಗುತ್ತಲೇ ನಡೆಸುವ ಆಳು. ನಾಲ್ಕು ದೋಣಿಯವರು ಅವನು ಇಳಿದರೆ ಇಳಿಯುತ್ತಾರೆ, ಅವನು ನಿಂತರೆ ನಿಲ್ಲುತ್ತಾರೆ. ಹೊಸ ದೋಣಿ ಬಂದ ಸಂತೋಷಕ್ಕೆ ನೆಂಟರನ್ನೆಲ್ಲ ಊಟಕ್ಕೆ ಕರೆದಿದ್ದ. ಊಟ ಅರ್ಧವಾಗಿರುವಾಗ ಯಾರೋ "ಏ, ಭಾವನ ಎಚ್ಚರಿಕೆ ಮಾಡೋ" ಎಂದರು. ಭಾಮೈದ ಎಂಜಲು ಕೈಯಲ್ಲೇ ಎದ್ದು ನಿಂತು, ಎಡಗೈಯಲ್ಲಿ ನೀರಿನ ಲೋಟವನ್ನು ಮೈಕಿನ ಹಾಗೆ ಹಿಡಿದು, ಮೊದಲು ಅಂಗಿಯ ಕಾಲರು ಸರಿಮಾಡಿಕೊಂಡ. ಕಾಲರು! ತಾನು ಹಾಗೆ ಮಾಡುತ್ತೇನೆಂದು ಅವನಿಗೆ ಅದುವರೆಗೂ ಗೊತ್ತಿರಲಿಲ್ಲ. ಅಲ್ಲಿಗೇ ಅರ್ಧ ಜನ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಮೀನುಗಾರರ ಗಮನಕ್ಕೆ, ಆಮೇಲೆ ಯಾರೂ, ಆಮೇಲೆ ಆ ಕೆಮ್ಮು, ಬಾಲದ ಎರಡು ಸಣ್ಣ ಕೆಮ್ಮಿನ ಸಮೇತ, ಒಂದು ಕೂದಲೂ ಆಚೀಚೆಯಾಗದಂತೆ. ಅವನೂ ನಕ್ಕ. ಹಲ್ಲು ಕಿರಿದು, ತಲೆಯಾಡಿಸಿ, "ಭಲೇ" ಎಂದೂ ಅಂದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಹಾಗೆ ನಕ್ಕದ್ದನ್ನು ಅವನು ಕಂಡಿರಲಿಲ್ಲ. ಮನೆಗೆ ನಡೆದು ಬರುವಾಗ ದಾರಿಯಲ್ಲಿ ಅವಳು ಮತ್ತೊಮ್ಮೆ ತನ್ನಷ್ಟಕ್ಕೆ ಕಿಸಕ್ಕೆಂದಳು. ಯಾಕೆ ಎಂದು ಕೇಳಿದ. "ಏನಿಲ್ಲ ರೀ" ಎಂದಳು.

ಹಸಿರು ಗುಂಡಿ ಒತ್ತಿದ. ಒತ್ತಬೇಕೆಂದು ಒತ್ತಿದನೋ ಕೈಯೇ ಹೋಯಿತೋ ಹೇಳುವುದು ಕಷ್ಟ. ಇಂಥ ವಿಷಯಗಳಲ್ಲಿ ಕೈಗೆ ತನ್ನದೇ ಬುದ್ಧಿ ಇರುತ್ತದೆ. ಕೆಳಗೆ ದಂಡೆಯುದ್ದಕ್ಕೂ ಅವನ ಹಳೆಯ ದನಿ ಎದ್ದಿತು, ಕೆಮ್ಮಿತು, ಮುಗಿಯಿತು. ಕಡತ ಹಿಡಿದು ಮೇಲೆ ಬಂದ ಜವಾನ ಬಾಗಿಲಲ್ಲೇ ನಿಂತ.

"ಸಾರ್, ನೀವೇ ಮಾತಾಡ್ಬೇಕು ಅಂತ ಮೇಡಂ ಹೇಳಿದ್ರಂತಲ್ಲ? ಕೆಳಗೆ ಮೊದ್ಲು ಫೋನು ಎತ್ತಿದವರು ಹೇಳ್ತಿದ್ರು."

"ಎಚ್ಚರಿಕೆ ಹೋಯ್ತೋ ಇಲ್ವೋ?"

"ಹೋಯ್ತು..."

"ಮತ್ತೆ? ಅದರಲ್ಲಿ ಏನು ಹೇಳಿದೆ? ಇಳಿಯಬಾರದು ಅಂತಿದೆ. ನಾನು ಹೇಳಿದ್ರೂ ಅದನ್ನೇ ಹೇಳೋದು. ಕನ್ನಡ ಬರೋರಿಗೆ ಅಷ್ಟು ಸಾಕು."

ಜವಾನ ತಲೆ ಕೆರೆದುಕೊಂಡ. "ನಿಮ್ಮಿಷ್ಟ ಸಾರ್. ಊರಿಗೆ ಉಪಕಾರ ಮಾಡ್ಬೇಡ, ಹೆಣಕ್ಕೆ ಶೃಂಗಾರ ಮಾಡ್ಬೇಡ ಅಂತಾರಲ್ಲ, ಹಾಗೆ" ಎಂದು ಕಡತ ಮೇಜಿನ ಮೇಲಿಟ್ಟು, ತನ್ನ ಮನೆಯ ಕಿಟಕಿ ಭದ್ರಮಾಡಬೇಕೆಂದು ರಜೆ ಕೇಳಿಕೊಂಡು ಹೋದ. ತಪ್ಪಿಲ್ಲ, ತನ್ನಲ್ಲಿ ಎಲ್ಲಿಯೂ ತಪ್ಪಿಲ್ಲ ಎಂದು ಅವನು ಮೂಲೆಮೂಲೆಯಿಂದ ನೋಡಿಕೊಂಡ. ಹಾವೂ ಸಾಯಲಿ, ಕೋಲೂ ಮುರಿಯದಿರಲಿ. ಹಾಗೆಂದುಕೊಂಡ ಮೇಲೆ, ಹಾವು ಯಾರು ಎಂದು ತನ್ನನ್ನೇ ಕೇಳಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಹೆಡ್‌ಫೋನು ಕಿವಿಗೆ ಹಾಕಿಕೊಂಡರೆ ದೋಣಿಗಳ ಮಾತು ಕೇಳುತ್ತಿತ್ತು. "ಭಾವ ಕೆಮ್ಮಿದ್ರು, ನಡೀರೋ" ಎಂದಿತು ಭಾಮೈದನ ದನಿ. ನಿನ್ನೆ ಸಂಜೆ ಆಳದಲ್ಲಿ ಬಿಟ್ಟು ಬಂದ ಬಲೆಗಳಿದ್ದವು, ಎಲ್ಲವೂ ಹೊಸವು. ಅವನ್ನು ಎಳೆದು ತಂದುಬಿಡೋಣ ಎಂದು ಮಾತಾಯಿತು. ನೀಲಿ ದೋಣಿ ಮುಂದೆ, ಅದರ ಹಿಂದೆ ನಾಲ್ಕು. ಬಂದರಿನ ಬಾಯಿ ದಾಟುವಾಗ ಭಾಮೈದ ಗಾಜಿನ ಕೋಣೆಯ ಕಡೆ ತಿರುಗಿ ಕೈಯೆತ್ತಿದ. ಯಾವಾಗಲೂ ಎತ್ತುತ್ತಿದ್ದ. ಎತ್ತಿದ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಬೆನ್ನು ಬಾಗಿಸಿ, ಕೆಮ್ಮುವ ಹಾಗೆ ಮಾಡಿದ. ಅಷ್ಟು ದೂರದಿಂದ ಹಲ್ಲು ಕಾಣಿಸುವುದು ಸಾಧ್ಯವಿಲ್ಲ, ಆದರೆ ಅವನಿಗೆ ಕಾಣಿಸಿತು.

ಸಾಯಲಿ ಎಂದು ಅವನು ಎಂದೂ ಬಯಸಿರಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳಿಯಾನು. ಹೆದರಲಿ, ಅಷ್ಟೇ. ಒಂದು ಸಲ ನಡುನೀರಿನಲ್ಲಿ ಆಕಾಶ ಕಪ್ಪಾಗುವುದನ್ನು ನೋಡಲಿ. ಒದ್ದೆಕೋಳಿಯಾಗಿ ಮರಳಿ ಬರಲಿ. ಎಲ್ಲರೆದುರು ಮೆಟ್ಟಿಲು ಹತ್ತಿ ಬಂದು, "ಭಾವ, ನೀವು ಹೇಳಿದ್ದೇ ಸರಿ" ಎನ್ನಲಿ. ಆಗ ತಾನು ಏನೂ ಅನ್ನುವುದಿಲ್ಲ, ಒಂದು ಟವೆಲು ಕೊಡುತ್ತಾನೆ. ಆ ಟವೆಲು ಯಾವುದು ಎನ್ನುವುದೂ ಅವನ ಮನಸ್ಸಿನಲ್ಲಿ ಸಿದ್ಧವಾಗಿತ್ತು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಬಿಳಿಯದು. ಇನ್ನೇನು ಮೈಕು ಹಿಡಿಯುತ್ತೇನೆ, ಅವರು ಬಲೆಯ ಜಾಗ ಮುಟ್ಟಲಿ. ಮುಟ್ಟಿರಬೇಕು, ಒಂದು ಬಲೆ ಎಳೆಯಲಿ. ನಡುವೆ ಫೋನು ಬಂತು. "ಮಾತಾಡಿದ್ರಾ?" ಎಂದರು ಮೇಡಂ. "ಮಾತಾಡಿದೆ ಮೇಡಂ." "ದೋಣಿ ಯಾವ್ದೂ ಹೊರಗಿಲ್ಲ ತಾನೆ?" "ಇಲ್ಲ ಮೇಡಂ." ಎಷ್ಟು ಸಲೀಸಾಗಿ ಬಂತು! ಸುಳ್ಳು ಹೇಳುವಾಗ ಕೆಮ್ಮು ಬರಲಿಲ್ಲ ಎಂಬುದನ್ನು ಗಮನಿಸಿ ಅವನಿಗೆ ವಿಚಿತ್ರವೆನಿಸಿತು. ಹಿಂದೊಮ್ಮೆ ತನ್ನ ಅಮ್ಮನಿಗೆ ಎದೆನೋವು ಬಂದ ದಿನ ಊರಿನ ರಸ್ತೆಯಲ್ಲೆಲ್ಲ ಸೊಂಟಮಟ್ಟ ನೀರು. ಗಾಡಿ ಬರುವ ಹಾಗಿರಲಿಲ್ಲ. ಭಾಮೈದ ಬಂದವನೇ ಅಮ್ಮನನ್ನು ಮಗುವಿನ ಹಾಗೆ ಬೆನ್ನಿಗೆ ಹೊತ್ತು ಆಸ್ಪತ್ರೆಯವರೆಗೆ ನಡೆದಿದ್ದ. ತಾನು ಹಿಂದಿನಿಂದ ಕೊಡೆ ಹಿಡಿದುಕೊಂಡು ಹೋಗಿದ್ದ. ಕೊಡೆ ಹಿಡಿದದ್ದು ಅಮ್ಮನಿಗೋ ತನಗೋ ಎಂದು ಆಮೇಲೆ ಭಾಮೈದ ತಮಾಷೆ ಮಾಡಿದ್ದ. ಅಮ್ಮ ಬದುಕಿದಳು. ಬದುಕಿದ್ದಷ್ಟು ದಿನವೂ ಆಸ್ಪತ್ರೆಯ ಕಥೆ ಹೇಳುವಾಗ "ಅವನೊಬ್ಬ ಇಲ್ದಿದ್ರೆ" ಎಂದೇ ಶುರುಮಾಡುತ್ತಿದ್ದಳು. ಮಗ ಎನ್ನುವ ಪ್ರಾಣಿ ಆ ಕಥೆಯಲ್ಲಿ ಬರುತ್ತಲೇ ಇರಲಿಲ್ಲ.

ಕಿಟಕಿಯ ಗಾಜು ಸಣ್ಣಗೆ ನಡುಗತೊಡಗಿದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ. ತಲೆಯೆತ್ತಿ ನೋಡಿದರೆ ಕಡಲಿನ ಬಣ್ಣ ಹೋಗಿತ್ತು. ದೂರದಲ್ಲಿ ಆಕಾಶವೂ ನೀರೂ ಸೇರುವ ಕಡೆ ಸೀಸದಂಥ ಒಂದು ಗೋಡೆ. ಐದು ದೋಣಿಗಳು ಆ ಗೋಡೆಯ ಬುಡದಲ್ಲಿ, ಎಳ್ಳು ಚೆಲ್ಲಿದ ಹಾಗೆ. ಸಂಜೆಗೆ ಎಂದಿದ್ದರಲ್ಲ, ಇನ್ನೂ ಊಟದ ಹೊತ್ತು. ಇನ್ನೂ ಬೇಗ ಬಂದರೂ ಬರಬಹುದು ಎಂದೂ ಮೇಡಂ ಹೇಳಿದ್ದರು ಎಂಬುದು ಆಗ ನೆನಪಾಯಿತು. ಕೈ ಮೈಕಿನ ಕಡೆ ಹೋಯಿತು, ನಿಂತಿತು. ಈಗ ಹೇಳಿದರೆ, ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಮತ್ತೆ ಹಸಿರು ಗುಂಡಿಯನ್ನೇ ಒತ್ತಿದ. ಗಾಳಿಯಲ್ಲಿ ಹರಿದು ಚೂರಾದ ಅವನ ದನಿ ದಂಡೆಯ ಮೇಲೆಲ್ಲ ಕೆಮ್ಮಿತು. ಆಗ ಬಾಗಿಲು ದಡಾರನೆ ತೆರೆದು ಹೆಂಡತಿ ಒಳಗೆ ಬಂದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬಿಸಿನೀರಿನ ಫ್ಲಾಸ್ಕು, ಕೂದಲೆಲ್ಲ ಮುಖದ ಮೇಲೆ.

"ರೀ, ಪುಟ್ಟ ಹೋಗಿದಾನಂತೆ! ಅವನ ಹೆಂಡತಿ ದಡದಲ್ಲಿ ನಿಂತು ಅಳ್ತಿದಾಳೆ. ನೀವೇನು ರೆಕಾರ್ಡು ಹಾಕಿ ಕೂತಿದೀರಿ?"

ತಮ್ಮನನ್ನು ಅವಳು ಕರೆಯುವುದು ಪುಟ್ಟ ಎಂದೇ; ಅವನಿಗೆ ಮೀಸೆ ಬಂದು, ದೋಣಿ ಬಂದು, ಹೆಂಡತಿ ಬಂದರೂ ಪುಟ್ಟ.

"ಬೆಳಿಗ್ಗೆಯೇ ಹೇಳಿದೀನಿ."

"ನೀವೇ ಹೇಳಿದ್ರಾ? ಮೈಕಿನಲ್ಲಿ?"

"ಹೇಳಿದೆ ಅಂದ್ನಲ್ಲ."

"ನೀವೇ ಹೇಳಿದ್ರೆ ಅವನು ಹೋಗ್ತಾನೇನ್ರೀ?" ಅವಳು ಅನುಮಾನದಿಂದ ಕೇಳಿದ್ದಲ್ಲ; ಲೆಕ್ಕ ತಾಳೆಯಾಗದವರು ಕೇಳುವ ಹಾಗೆ ಕೇಳಿದಳು. ಅವನು ಅವಳ ಮುಖ ನೋಡಿದ. ಆ ಮುಖದಲ್ಲಿ ಈಗ ನಗುವಿನ ಒಂದು ಗೆರೆಯೂ ಇರಲಿಲ್ಲ, ಅದು ಅವನಿಗೆ ಒಂದು ಕ್ಷಣ ಹಿತವಾಗಿ ಕಂಡಿತು. ಹಿತವಾಯಿತಲ್ಲ ಎಂದು ಮರುಕ್ಷಣ ಕಣ್ಣು ತಪ್ಪಿಸಿದ. ಆದರೂ ಬಾಯಿ ಸುಮ್ಮನಿರಲಿಲ್ಲ.

"ಅವತ್ತು ನೀನೂ ನಕ್ಕೆಯಲ್ಲ."

"ಯಾವತ್ತು?"

"ಅವನು ಲೋಟ ಹಿಡ್ಕೊಂಡು ನಿಂತಾಗ. ಊಟಕ್ಕೆ ಕರೆದಿದ್ನಲ್ಲ, ಅವತ್ತು."

"ಯಾವ ಲೋಟ? ಏನು ಹೇಳ್ತಿದೀರಿ ನೀವು?" ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ಅವನು ರಾತ್ರಿ ಹಗಲು ನೆಕ್ಕಿ ನೆಕ್ಕಿ ಹಸಿಯಾಗಿಟ್ಟುಕೊಂಡಿದ್ದ ಗಾಯ ಅವಳ ಪಾಲಿಗೆ ಆಗಿಯೇ ಇರಲಿಲ್ಲ. "ಮೊದ್ಲು ಕರೀರಿ ಅವನನ್ನ, ನಿಮ್ಮ ದಮ್ಮಯ್ಯ. ಉದ್ದುದ್ದ ಏನೂ ಬೇಡ. 'ಪುಟ್ಟಾ, ಬಾ' ಅನ್ನಿ, ಸಾಕು. ಇಲ್ಲ, ನಾನೇ ಅನ್ಲಾ? ಕೊಡಿ ಇತ್ಲಾಗೆ."

"ಬೇರೆಯವರು ಮುಟ್ಟೋ ಹಾಗಿಲ್ಲ ಇದನ್ನ" ಎಂದು ಅವನು ಮೈಕನ್ನು ತನ್ನ ಕಡೆಗೆ ಎಳೆದುಕೊಂಡ. ಕಚೇರಿಯ ನಿಯಮ ಅದು, ನಿಜ. ನಿಯಮವೆಂಬುದು ಎಂಥ ಹೊತ್ತಿನಲ್ಲಿ ಕೈಹಿಡಿಯುತ್ತದೆ ನೋಡಿ! ಹೆಡ್‌ಫೋನು ಹಾಕಿಕೊಂಡ. ಕಿವಿಯೊಳಗೆ ಗಾಳಿ ಊಳಿಡುತ್ತಿತ್ತು, ಅದರ ಅಡಿಯಲ್ಲೆಲ್ಲೋ ಎಂಜಿನ್ನಿನ ಗೊರಗೊರ. ಪುಟ್ಟಾ, ನಾನು, ಭಾವ. ಬಾ. ನಾಲ್ಕು ಮಾತು. ಎದೆಯಲ್ಲಿ ಜೋಡಿಸಿಕೊಂಡ. ಇಷ್ಟು ಹೇಳಿದರೆ ಇದು ಮುಗಿದುಹೋಗುತ್ತದೆ, ಅವನು ಬರುತ್ತಾನೆ, ಟವೆಲು ಕೊಡುತ್ತೇನೆ, ಬೇಕಾದರೆ ಅವನ ಕಾಲಿಗೂ ಬೀಳುತ್ತೇನೆ. ಈ ಕ್ಷಣದಲ್ಲಿ ಅವನ ಮನಸ್ಸಿನಲ್ಲಿ ಯಾವ ಹಗೆಯೂ ಇರಲಿಲ್ಲ. ಮೈಕಿನ ಗುಂಡಿ ಒತ್ತಿ ಬಾಯಿ ತೆರೆದ.

"ಮೀನುಗಾರರ ಗಮನಕ್ಕೆ" ಎಂದಿತು ಬಾಯಿ.

ಅವನು ಬೆಚ್ಚಿದ. ಬೇರೆ ಮಾತು ತೆಗೆಯಲು ತಡಕಾಡಿದ. ಒಳಗೆ ಬೇರೆ ಮಾತೇ ಇರಲಿಲ್ಲ. ಇಷ್ಟು ವರ್ಷ ಆ ಮೇಜಿನ ಮುಂದೆ ಕೂತು ಕೂತು, ಆ ಒಂದು ಮಾತನ್ನೇ ಕೇಳಿ ಕೇಳಿ, ಈ ಕುರ್ಚಿಯಲ್ಲಿ ಹೇಳಲು ಅವನ ಬಳಿ ಉಳಿದದ್ದು ಅದಷ್ಟೇ. "ಸಮುದ್ರದಲ್ಲಿ ಚಂಡಮಾರುತದ ಸೂಚನೆ ಇದೆ. ಯಾರೂ..." ಬರುತ್ತಿದೆ ಎಂದು ಗೊತ್ತಾಯಿತು. ತುಟಿ ಕಚ್ಚಿದ, ಉಸಿರು ಬಿಗಿಹಿಡಿದ. ಗಂಟಲಲ್ಲಿ ಏನೂ ಇರಲಿಲ್ಲ, ಸುಡುಗಾಡು ಅಭ್ಯಾಸ, ಮೆಟ್ಟಿಲಿದೆ ಎಂದು ಕಾಲು ತಾನಾಗಿ ಏಳುವ ಹಾಗೆ ಕೆಮ್ಮು ಎದ್ದುಬಂತು. ಒಂದು ದೊಡ್ಡದು. ಬಾಲಕ್ಕೆ ಎರಡು ಸಣ್ಣವು.

"ಅಯ್ಯೋ, ಕೆಮ್ಮಿಬಿಟ್ರಲ್ಲಾ!" ಹೆಂಡತಿ ಬೆನ್ನ ಹಿಂದೆ ಚೀರಿದಳು. "ಇನ್ನೊಂದ್ಸಲ ಹೇಳಿ, ಬೇಗ ಹೇಳಿ!"

ಅವನ ಬೆರಳು ಗುಂಡಿಯಿಂದ ಸಡಿಲವಾಗಿತ್ತು. ಹೆಡ್‌ಫೋನಿನಲ್ಲಿ ಗಾಳಿಯನ್ನು ಸೀಳಿಕೊಂಡು ಒಂದು ಕೆಮ್ಮು ಕೇಳಿಸಿತು. ದೊಡ್ಡದು, ಬಾಲಕ್ಕೆ ಎರಡು. ಅದರ ಹಿಂದೆ ಇನ್ನೊಂದು ದೋಣಿಯಿಂದ ಒಂದು, ಮತ್ತೊಂದರಿಂದ ಮತ್ತೊಂದು. ಹೆದರಿಕೆಯನ್ನು ನಗೆಯಿಂದ ಒರೆಸಿಹಾಕುವ ಗಂಡಸರ ಕೆಮ್ಮು. ಆಮೇಲೆ ಭಾಮೈದನ ದನಿ, ಏದುಸಿರಿನ ನಡುವೆ, ಆದರೆ ಗಟ್ಟಿಯಾಗಿ: "ಕೇಳಿದ್ರೇನ್ರೋ? ಅದೇ ರೆಕಾರ್ಡು. ಸುಮ್ನೆ ಗಾಳಿ ಇದು, ಹೋಗುತ್ತೆ. ನಿಜವಾಗಿದ್ರೆ ನಮ್ಮ ಭಾವ ಸುಮ್ನೆ ಕೂತಿರ್ತಾರಾ? ಎಳೀರಿ, ಇನ್ನೊಂದು ಬಲೆ ಎಳೀರಿ."

ಊಟದ ಮನೆಯ ನಗು ಅವನಿಗೆ ಎಷ್ಟು ಸ್ಪಷ್ಟವಾಗಿ ಕೇಳಿಸಿತ್ತೋ ಇದೂ ಅಷ್ಟೇ ಸ್ಪಷ್ಟವಾಗಿ ಕೇಳಿಸಿತು. ಅದರ ತೂಕ ಬೇರೆಯಾಗಿತ್ತು, ಅಷ್ಟೇ. ಇಡೀ ಊರಿನಲ್ಲಿ ತನ್ನನ್ನು ಇಷ್ಟು ನಂಬಿದವನು ಇನ್ನೊಬ್ಬನಿಲ್ಲ. ಗುಂಡಿ ಒತ್ತಬಹುದಿತ್ತು. ಬಾಯಿಗೆ ಮಾತು ಬಾರದಿದ್ದರೆ ಕಿರುಚಬಹುದಿತ್ತು, ಅಳಬಹುದಿತ್ತು. ರೆಕಾರ್ಡು ಅಳುವುದಿಲ್ಲ ಎಂದು ಅವರಿಗೂ ಗೊತ್ತಾಗುತ್ತಿತ್ತು. ಮೈಕನ್ನು ಹೆಂಡತಿಯ ಕೈಗೆ ಕೊಡಬಹುದಿತ್ತು. ಆದರೆ ಕೊಟ್ಟರೆ, ಬೆಳಿಗ್ಗೆಯಿಂದ ಇಲ್ಲಿ ನಡೆದದ್ದೆಲ್ಲ ಅವಳೆದುರು ಬಯಲಾಗುತ್ತಿತ್ತು, ದಡದಲ್ಲಿ ನಿಂತ ಭಾಮೈದನ ಹೆಂಡತಿಯೆದುರು, ಚಹಾದಂಗಡಿಯವನೆದುರು, ಮೇಡಂ ಎದುರು. ಅವನು ಹೆಡ್‌ಫೋನು ತೆಗೆದು ಮೇಜಿನ ಮೇಲೆ, ಕಿವಿಯ ಬಟ್ಟಲುಗಳು ಕೆಳಮುಖವಾಗುವಂತೆ, ಸದ್ದು ಹೊರಬರದಂತೆ ಒತ್ತಿ ಇಟ್ಟ.

"ಏನಂದ? ಏನಾದ್ರೂ ಅಂದ್ನಾ?"

"ಅಂದ" ಎಂದ ಅವನು. "ಬರ್ತಾನಂತೆ."

"ಬರ್ತಾನಂತಾ? ಅವನೇ ಹೇಳಿದ್ನಾ?"

"ಹ್ಞೂಂ. ಬಲೆ ಬಿಟ್ಟು ಹೊರಟೆ ಅಂದ."

ಅವಳು ಎರಡೂ ಕೈ ಎದೆಗೊತ್ತಿಕೊಂಡು ಕುರ್ಚಿಗೆ ಕುಸಿದಳು. ಆಮೇಲೆ, ಇಷ್ಟು ಹೊತ್ತು ಹಿಡಿದಿಟ್ಟ ಹೆದರಿಕೆಯೆಲ್ಲ ಸಡಿಲಾಗಿ, ಕಣ್ಣೊರೆಸಿಕೊಳ್ಳುತ್ತಾ ನಕ್ಕಳು, ಸೆರಗಿನಿಂದಲೇ ಒರೆಸಿಕೊಂಡಳು. ಗಾಜಿನ ಮೇಲೆ ಮೊದಲ ಮಳೆ ಮರಳು ಎರಚಿದಂತೆ ಬಡಿಯಿತು, ಕಡಲು ಕಾಣದಾಯಿತು. ಕೆಳಗೆ ಒಂದು ಕಂಬ ಮುರಿದು ಬಿದ್ದ ಸದ್ದು. ಮೇಜಿನ ಮೇಲೆ ಹೆಡ್‌ಫೋನು ಮರದ ಹಲಗೆಗೆ ಮುಖ ಕೊಟ್ಟು ಸಣ್ಣಗೆ ಏನೋ ಕಿರ್ರೆನ್ನುತ್ತಿತ್ತು. ಅವನು ಅದರ ಮೇಲೆ ಕಡತವನ್ನಿಟ್ಟ.

"ನಿಮ್ಮ ಕೆಮ್ಮು ಹಾಗೇ ಇದೆಯಲ್ರೀ" ಎನ್ನುತ್ತಾ ಅವಳು ಎದ್ದು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. "ತಗೊಳ್ಳಿ, ಬಿಸಿ ಇದೆ. ನಿಧಾನ ಕುಡೀರಿ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದ. ನೀರು ಗಂಟಲಿಗೆ ಹಿತವಾಗಿತ್ತು.